ದುಡ್ಡು ಕಟ್ಟಿದ ದಿನ ಅಲ್ಲ, ಆಪರೇಶನ್ ಆದ ದಿನ

ಅಮೆರಿಕದಲ್ಲಿ ತೆರಿಗೆ ಲೆಕ್ಕ ಮಾಡಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಕನ್ನಡದವರು ಜಾಸ್ತಿ. ಒಬ್ಬ ಹುಡುಗ ಕಣ್ಣಿಗೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಶನ್) ಮಾಡಿಸಬೇಕೆಂದು ಡಿಸೆಂಬರ್ ಕೊನೆಯಲ್ಲಿ ಪೂರ್ತಿ ದುಡ್ಡು ಕಟ್ಟಿಬಿಟ್ಟಿದ್ದ. ಎಫ್‌ಎಸ್‌ಎ ಅಂದರೆ ವೈದ್ಯಕೀಯ ಖರ್ಚಿಗೆಂದು ತೆರಿಗೆಗೆ ಮೊದಲೇ ಸಂಬಳದಿಂದ ತೆಗೆದಿಡುವ, ಕಂಪನಿ ಕೊಡುವ ಖಾತೆ. ಅದರಲ್ಲಿ ಉಳಿದದ್ದು ವರ್ಷ ಮುಗಿದರೆ ಹೋಗುತ್ತದೆ ಅನ್ನುವ ಭಯ. ಆಪರೇಶನ್ ಆಗಿದ್ದು ಜನವರಿಯಲ್ಲಿ. ಕ್ಲೇಮ್ ತಿರಸ್ಕಾರವಾಯಿತು.

ರಸೀದಿಯಲ್ಲಿ ಡಿಸೆಂಬರ್ ಅಂತಲೇ ಇದೆಯಲ್ಲ ಸಾರ್, ಅಂದ. ಇತ್ತು, ನಿಜ. ಆದರೆ ಎಫ್‌ಎಸ್‌ಎಗೆ ಬೇಕಾದದ್ದು ಚಿಕಿತ್ಸೆ ನಡೆದ ದಿನ. ಮುಂಗಡ ಕಟ್ಟಿದರೆ ಲೆಕ್ಕಕ್ಕಿಲ್ಲ. ಹಲ್ಲಿಗೆ ತಂತಿ ಹಾಕಿಸುವುದಕ್ಕೆ ಮಾತ್ರ ಇದರಲ್ಲಿ ಸಡಿಲಿಕೆ ಇದೆ. ಕೆಲವು ಕಂಪನಿಗಳು ಉಳಿದ ದುಡ್ಡಿನಲ್ಲಿ ಸ್ವಲ್ಪವನ್ನು ಮುಂದಿನ ವರ್ಷಕ್ಕೆ ಬಿಡುತ್ತವೆ, ಕೆಲವು ಎರಡೂವರೆ ತಿಂಗಳು ಸಮಯ ಕೊಡುತ್ತವೆ. ಅವನ ಕಂಪನಿಯಲ್ಲಿ ಎರಡೂ ಇರಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಎರಡು ವಾರ ಮೊದಲು ಕೇಳಿದ್ದರೆ ಅಷ್ಟೂ ಉಳಿಯುತ್ತಿತ್ತು.

ಹಾಗಾಗಿ ಲೇಸಿಕ್‌ನಂಥ ಮೊದಲೇ ಗೊತ್ತಿರುವ ಆಪರೇಶನ್‌ಗೆ ನಾನು ಹೇಳುವುದು ಇಷ್ಟೇ: ಓಪನ್ ಎನ್‌ರೋಲ್‌ಮೆಂಟ್‌ನಲ್ಲಿ (ಮುಂದಿನ ವರ್ಷದ ವಿಮೆ, ಖಾತೆಗಳನ್ನು ಕಂಪನಿಯಲ್ಲಿ ಆರಿಸಿಕೊಳ್ಳುವ ಅವಧಿ) ಮೊತ್ತ ಬರೆಸಿ, ಹೊಸ ವರ್ಷದ ಆರಂಭದಲ್ಲೇ ಮಾಡಿಸಿಕೊಳ್ಳಿ. 2026ಕ್ಕೆ ಎಫ್‌ಎಸ್‌ಎ ಮಿತಿ 3,400 ಡಾಲರ್. ಸಂಬಳದಿಂದ ಕಂತಿನಲ್ಲಿ ಕಡಿತವಾದರೂ ಪೂರ್ತಿ ಮೊತ್ತ ಮೊದಲ ದಿನದಿಂದಲೇ ನಿಮ್ಮ ಕೈಗೆ ಸಿಗುತ್ತದೆ. ಮಾರ್ಚ್‌ನಲ್ಲಿ ಕೆಲಸ ಹೋದರೂ ಆಗಲೇ ಬಳಸಿದ್ದನ್ನು ಕಂಪನಿ ವಾಪಸ್ ಕೇಳುವಂತಿಲ್ಲ. ಲೇಆಫ್ ಭಯದಲ್ಲಿ ಇರುವವರಿಗೆ ಇದು ದೊಡ್ಡ ಆಸರೆ ಅಲ್ವಾ? ಫೆಡರಲ್ ತೆರಿಗೆ ಶೇ. 22, ಜೊತೆಗೆ ಸೋಶಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್ ಶೇ. 7.65 ಕೊಡುವವರಿಗೆ ಈ 3,400ರ ಮೇಲೆ ಸಾವಿರ ಡಾಲರ್ ಉಳಿಯುತ್ತದೆ.

ವೈದ್ಯಕೀಯ ಖರ್ಚಿಗೇ ಇರುವ ಇನ್ನೊಂದು ತೆರಿಗೆ ಉಳಿಸುವ ಖಾತೆ ಎಚ್‌ಎಸ್‌ಎ, ಅದು ಬೇರೆ ಥರ. ಅದರಲ್ಲಿ ಜಮಾ ಆದಷ್ಟೇ ತೆಗೆಯಬಹುದು, ಆದರೆ ವರ್ಷ ಮುಗಿದರೂ ಹೋಗುವುದಿಲ್ಲ. ಖಾತೆ ತೆರೆದ ಮೇಲೆ ಆದ ಖರ್ಚಾಗಿದ್ದರೆ ಎಷ್ಟು ವರ್ಷ ಬಿಟ್ಟಾದರೂ ಹಿಂಪಡೆಯಬಹುದು. ಎಚ್‌ಎಸ್‌ಎಗೆ ದುಡ್ಡು ಹಾಕುವವರು ಸಾಮಾನ್ಯ ಎಫ್‌ಎಸ್‌ಎ ಇಟ್ಟುಕೊಳ್ಳುವಂತಿಲ್ಲ. ಹಲ್ಲು ಮತ್ತು ಕಣ್ಣಿಗೆ ಮಾತ್ರ ಅಂತ ಇರುವ ಎಫ್‌ಎಸ್‌ಎ ಇಟ್ಟುಕೊಳ್ಳಬಹುದು. ಲೇಸಿಕ್ ಅದರಲ್ಲೂ ನಡೆಯುತ್ತದೆ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ಮಚ್ಚೆ, ನರುಳ್ಳೆ ತೆಗೆಸುವವರು ಹುಷಾರಾಗಿರಿ. ಬರೀ ಅಂದಕ್ಕಾದರೆ ಎರಡು ಖಾತೆಯಿಂದಲೂ ಕೊಡುವಂತಿಲ್ಲ. ಎಚ್‌ಎಸ್‌ಎಯಿಂದ ಕೊಟ್ಟರೆ ಅದು ಆದಾಯಕ್ಕೆ ಸೇರುತ್ತದೆ, 65 ವರ್ಷ ಆಗುವ ಮೊದಲಾದರೆ ಮೇಲೆ ಶೇ. 20 ದಂಡ. ಆರೋಗ್ಯದ ಕಾರಣ ಇದ್ದರೆ ಡಾಕ್ಟರ ಹತ್ತಿರ ಮೊದಲೇ ಪತ್ರ ಬರೆಸಿಕೊಳ್ಳಿ.

ರಜೆಗೆ ಬೆಂಗಳೂರಿಗೆ ಹೋದಾಗ ಅಲ್ಲೇ ಮಾಡಿಸಿದರೂ ನಡೆಯುತ್ತದೆ. ಆಸ್ಪತ್ರೆಯಿಂದ ಹೊರಡುವ ಮೊದಲು ಹೆಸರು, ಚಿಕಿತ್ಸೆ, ತಾರೀಕು, ಮೊತ್ತ ಎಲ್ಲ ಇರುವ ಬಿಲ್ ಕೇಳಿ. ಕಾರ್ಡ್ ಉಜ್ಜಿದ ಚೀಟಿ ಸಾಲದು. ಅದೇ ಪ್ರವಾಸದಲ್ಲಿ ಅಮ್ಮನ ಕಣ್ಣಿನ ಪೊರೆ ಆಪರೇಶನ್ನೂ ಸೇರಿಸಬಹುದಾ ಅಂತ ಎಷ್ಟೋ ಜನ ಕೇಳುತ್ತಾರೆ. ಅಮ್ಮ ಭಾರತದ ಪ್ರಜೆಯಾಗಿ ಅಲ್ಲೇ ಇದ್ದರೆ ತೆರಿಗೆ ಕಾನೂನಿನಲ್ಲಿ ನಿಮ್ಮ ಅವಲಂಬಿತರಲ್ಲ. ಆ ಖರ್ಚನ್ನು ಕೈಯಿಂದಲೇ ಕೊಡಬೇಕು.