“ಚೀಟಿ ಬರೆದುಕೊಡಿ, ಮೈಸೂರಿಗೇ ಹೋಗುತ್ತೇವೆ”

“ಇಲ್ಲೇನಿದೆ ಡಾಕ್ಟರೇ? ಚೀಟಿ ಬರೆದುಕೊಡಿ, ಮೈಸೂರಿಗೇ ಹೋಗುತ್ತೇವೆ.” ತಾಲ್ಲೂಕು ಆಸ್ಪತ್ರೆಯ ವೈದ್ಯನಾದ ನನಗೆ ಈ ಮಾತು ಹೊಸದಲ್ಲ. ಮಂಡಿನೋವಿನವರು ಹೇಳಿದರೆ ಸಂತೋಷದಿಂದಲೇ ಬರೆದುಕೊಡುತ್ತೇನೆ. ಆದರೆ ಅಂದು ಹೇಳಿದವನ ಪಕ್ಕದಲ್ಲಿ ಅವನ ತಂದೆ ಎದೆ ಹಿಡಿದುಕೊಂಡು ಕುಳಿತಿದ್ದರು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು.

ಹತ್ತು ನಿಮಿಷ ಕೊಡಿ ಎಂದು ಗೋಗರೆದು ಇಸಿಜಿ ತೆಗೆಸಿದೆ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡಿರುವ ಲಕ್ಷಣ ಅದರಲ್ಲಿತ್ತು. ಮೈಸೂರಿಗೆ ಎರಡು ಗಂಟೆ ದಾರಿ, ಅಲ್ಲಿ ಕಟ್ಟಿಕೊಂಡ ರಕ್ತನಾಳ ತೆರೆಯುವ ಆ್ಯಂಜಿಯೋಪ್ಲಾಸ್ಟಿಗೆ ಅಣಿಯಾಗಲು ಮತ್ತಷ್ಟು ಹೊತ್ತು. ಅಷ್ಟರೊಳಗೆ ರಕ್ತವಿಲ್ಲದೆ ಸತ್ತ ಹೃದಯಸ್ನಾಯು ಮತ್ತೆ ಚಿಗುರುವುದಿಲ್ಲ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ನಮ್ಮಲ್ಲೇ ಇತ್ತು. ಹೊರಗೆ ಸಾವಿರಾರು ರೂಪಾಯಿ ಬೆಲೆಯ ಈ ಔಷಧಿಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ಕುಳಿತಲ್ಲೇ ನೋಡುತ್ತಾರೆ. ಚುಚ್ಚುಮದ್ದು ಕೊಟ್ಟ ಮೇಲೆ ನಾನೇ ಮೈಸೂರಿಗೆ ಕಳುಹಿಸಿದೆ. ರಕ್ತನಾಳ ಹೇಗಿದೆ ಎಂದು ನೋಡುವ ಆ್ಯಂಜಿಯೋಗ್ರಾಂ ಆಗಬೇಕಿತ್ತಲ್ಲ! ಮಗ ಬಯಸಿದ ಊರಿಗೇ ಹೋದ, ಒಂದು ಗಂಟೆ ತಡವಾಗಿ.

ಹಾಗೆಂದು ಎಲ್ಲದಕ್ಕೂ ಹತ್ತಿರದ ಆಸ್ಪತ್ರೆಯೇ ಸರಿ ಎಂದುಕೊಳ್ಳಬೇಡಿ. ಬಾಯಿ ಸೊಟ್ಟಗಾಗಿ, ಒಂದು ಕೈ ಜೋತುಬಿದ್ದು, ಮಾತು ತೊದಲಿದರೆ ಅದು ಲಕ್ವ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರಿದೆಯೋ ಎಂದು ಹೊರಗಿನಿಂದ ನಾನಲ್ಲ, ಯಾವ ವೈದ್ಯನೂ ಹೇಳಲಾರ. ಹೆಪ್ಪಾಗಿದ್ದರೆ ಜೀವ ಉಳಿಸುವ ಔಷಧಿ ಸೋರಿಕೆಯಾಗಿದ್ದರೆ ಜೀವ ತೆಗೆಯುತ್ತದೆ. ಅದಕ್ಕೇ ಸಿ.ಟಿ. ಸ್ಕ್ಯಾನ್ ಬೇಕು. ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಔಷಧಿ ಹೋಗಬೇಕು, ಬೇಗ ಹೋದಷ್ಟೂ ಒಳ್ಳೆಯದು. ನಮ್ಮಲ್ಲಿ ಸ್ಕ್ಯಾನ್ ಯಂತ್ರವಿಲ್ಲ. ಇಂಥವರು ನನ್ನ ಬಳಿ ಬಂದು ಅರ್ಧ ಗಂಟೆ ಕಳೆದರೆ ಅದು ದಂಡ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿಸಿ ಬೆಳಗಿನವರೆಗೆ ನೋಡೋಣ ಎನ್ನುವುದಂತೂ ಇನ್ನೂ ದೊಡ್ಡ ದಂಡ.

ಹಾವು ಕಚ್ಚಿದರೆ ಮತ್ತೆ ಲೆಕ್ಕ ಬೇರೆ: ವಿಷನಿರೋಧಕ ದಾಸ್ತಾನಿರುವ ಹತ್ತಿರದ ಆಸ್ಪತ್ರೆಯೇ ಮೊದಲು, ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಬೇಕಾದರೆ ದೊಡ್ಡದು ಆಮೇಲೆ.

ಒಳ್ಳೆಯ ಡಾಕ್ಟರು ಯಾರು ಎಂದು ಎಲ್ಲರೂ ವಿಚಾರಿಸುತ್ತಾರೆ. ನಿಮ್ಮಲ್ಲಿ ಆ ಚುಚ್ಚುಮದ್ದು ಇದೆಯೇ, ರಾತ್ರಿ ಸ್ಕ್ಯಾನ್ ಮಾಡುತ್ತೀರಾ ಎಂದು ಆರೋಗ್ಯವಾಗಿರುವಾಗಲೇ ಫೋನ್ ಮಾಡಿ ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ನಮ್ಮ ಫೋನಿಗೆ ಬರುವ ಪ್ರಶ್ನೆ ಒಂದೇ: ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ?