‘ಸ್ಕಾಟರ ದೊರೆ’ ಎಂಬ ಬಿರುದು

ಹದಿನಾರನೆಯ ಶತಮಾನದಲ್ಲಿ ಸ್ಕಾಟ್ಲೆಂಡನ್ನು ಆಳಿದ ಮೇರಿ ಸ್ಟುವರ್ಟ್ ಇಂದಿಗೂ ‘ಸ್ಕಾಟರ ರಾಣಿ’ ಎಂದೇ ಪ್ರಸಿದ್ಧಳು. ಈ ಬಿರುದು ಜನರನ್ನು ಹೆಸರಿಸುತ್ತದೆಯೇ ಹೊರತು ನಾಡನ್ನಲ್ಲ. ಆದ್ದರಿಂದ ಸ್ಕಾಟ್ಲೆಂಡಿನಲ್ಲಿ ಅರಸೊತ್ತಿಗೆ ಮೊದಲಿನಿಂದಲೂ ಜನರ ಒಪ್ಪಿಗೆಯ ಮೇಲೆ ನಿಂತಿತ್ತು ಎಂಬ ವಾದ ಆಗಾಗ ಕೇಳಿಬರುತ್ತದೆ. ಹಿತವಾದ ವಾದವೇ ಸರಿ, ಆದರೆ ಹಳೆಯ ದಾಖಲೆಗಳು ಅದಕ್ಕೆ ಅಷ್ಟಾಗಿ ಒತ್ತಾಸೆ ಕೊಡುವುದಿಲ್ಲ.

ಐರ್ಲೆಂಡಿನ ಅಲ್‌ಸ್ಟರ್ ವಾರ್ಷಿಕ ದಾಖಲೆಗಳು 858ರಲ್ಲಿ ತೀರಿಕೊಂಡ ಕೆನೆತ್ ಮ್ಯಾಕ್‌ಆಲ್ಪಿನ್‌ನನ್ನು ‘ಪಿಕ್ಟರ ದೊರೆ’ ಎನ್ನುತ್ತವೆ; ಪಿಕ್ಟರೆಂದರೆ ಸ್ಕಾಟ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದ ಹಳೆಯ ಜನ. 900ರಲ್ಲಿ ಮಡಿದ ಅವನ ಮೊಮ್ಮಗ ಡೊನಾಲ್ಡ್ ಅವುಗಳಲ್ಲಿ ‘ಅಲ್ಬಾದ ದೊರೆ’ಯಾಗಿದ್ದಾನೆ. ಅಲ್ಬಾ ಎಂಬುದು ನಾಡಿನ, ಅಂದರೆ ಸ್ಕಾಟ್ಲೆಂಡಿನ ಹೆಸರು, ಹಿಂದೆ ಇಡೀ ಬ್ರಿಟನ್ ದ್ವೀಪಕ್ಕೆ ಸಲ್ಲುತ್ತಿದ್ದದ್ದು. ಸ್ಕಾಟರ ಹಳೆಯ ನುಡಿಯಾದ ಗೇಲಿಕ್‌ನಲ್ಲಿ ನಾಡಿನ ಒಡೆಯನೆನಿಸಿಕೊಂಡ ಅರಸನೇ ಲ್ಯಾಟಿನ್ ಶಾಸನಪತ್ರಗಳಲ್ಲಿ ‘ರೆಕ್ಸ್ ಸ್ಕಾಟೋರಮ್’, ಅಂದರೆ ಸ್ಕಾಟರ ದೊರೆಯಾದ. ಇದು ಸ್ಕಾಟರ ವಿಶೇಷವೇನಲ್ಲ. ನೆರೆಯ ಅರಸರೂ ‘ಆಂಗ್ಲರ ದೊರೆ’, ‘ಫ್ರಾಂಕರ ದೊರೆ’ ಎಂದೇ ಬರೆಸಿಕೊಳ್ಳುತ್ತಿದ್ದರು. ಫ್ರಾನ್ಸಿನ ಎರಡನೆಯ ಫಿಲಿಪ್ 1190ರ ಸುಮಾರಿಗೆ ನಾಡಿನ ಹೆಸರಿಗೆ ಹೊರಳಲಾರಂಭಿಸಿದ, 1199ರಲ್ಲಿ ಪಟ್ಟಕ್ಕೆ ಬಂದ ಇಂಗ್ಲೆಂಡಿನ ಜಾನ್ ಕೂಡ ಹಾಗೆಯೇ ಮಾಡಿದ. ಸ್ಕಾಟರ ಅರಸರು ಹಳೆಯ ರೂಢಿಯನ್ನು ಬಿಡಲಿಲ್ಲ. ಎಲ್ಲರಿಗೂ ಸಾಮಾನ್ಯವಾಗಿದ್ದದ್ದು ಹೀಗೆ ಅವರೊಬ್ಬರ ಗುರುತಾಗಿ ಉಳಿಯಿತು.

ಆ ಗುರುತಿಗೆ ರಾಜಕೀಯ ಅರ್ಥ ಕೂಡಿಕೊಂಡದ್ದು ಇಂಗ್ಲೆಂಡಿನೊಡನೆ ನಡೆದ ಯುದ್ಧಗಳ ಕಾಲದಲ್ಲಿ ಎಂದು ನನಗೆ ತೋರುತ್ತದೆ. 1320ರಲ್ಲಿ ಸ್ಕಾಟಿಷ್ ಶ್ರೀಮಂತರು ಪೋಪ್ ಇಪ್ಪತ್ತೆರಡನೆಯ ಜಾನ್‌ಗೆ ಕಳುಹಿಸಿದ ಅರ್ಬ್ರೋತ್ ಪತ್ರವು, ಆಗಿನ ದೊರೆ ರಾಬರ್ಟ್ ಬ್ರೂಸ್ ರಾಜ್ಯವನ್ನು ಇಂಗ್ಲಿಷರಿಗೆ ಒಪ್ಪಿಸಲು ಹೊರಟರೆ ಅವನನ್ನು ಹೊರದೂಡಿ ಬೇರೊಬ್ಬನನ್ನು ದೊರೆಯಾಗಿಸುವುದಾಗಿ ಸಾರಿತು. ಪತ್ರ ಬರೆದ ಶ್ರೀಮಂತರ ಕಣ್ಣಿಗೆ ‘ಜನ’ ಎಂದರೆ ಮುಖ್ಯವಾಗಿ ತಾವೇ ಆಗಿದ್ದಿರಬೇಕು. ಆದರೂ ದೊರೆಯನ್ನು ಬದಲಿಸಬಲ್ಲ ಸಮುದಾಯವೊಂದಿದೆ ಎಂಬ ಭಾವನೆಗೆ ಈ ಬಿರುದು ಚೆನ್ನಾಗಿ ಒಗ್ಗಿತು.

1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ ಸ್ಕಾಟರ ದೊರೆ ಆರನೆಯ ಜೇಮ್ಸ್, ಮರುವರ್ಷವೇ ತನ್ನನ್ನು ‘ಗ್ರೇಟ್ ಬ್ರಿಟನ್ನಿನ ದೊರೆ’ ಎಂದು ಘೋಷಿಸಿಕೊಂಡ. ಮುಂದೆ 1689ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಸಭೆ, ಅವನ ಮೊಮ್ಮಗ ಏಳನೆಯ ಜೇಮ್ಸ್ ಸಿಂಹಾಸನದ ಹಕ್ಕನ್ನು ಕಳೆದುಕೊಂಡಿದ್ದಾನೆಂದು ತೀರ್ಪಿತ್ತು, ಅವನ ಮಗಳು ಮೇರಿ ಮತ್ತು ಅವಳ ಗಂಡ ವಿಲಿಯಂರಿಗೆ ಪಟ್ಟ ಕಟ್ಟಿತು. ನಿಜಕ್ಕೂ ಅರಸನನ್ನು ಬದಲಿಸಿದ ಆ ಸಭೆಯೇ ಹೊಸಬರನ್ನು ಕರೆದದ್ದು ‘ಸ್ಕಾಟ್ಲೆಂಡಿನ ದೊರೆ ಮತ್ತು ರಾಣಿ’ ಎಂದು.