ಒಂದೂವರೆ ವರ್ಷದ ಮಗೂನ ಬಿಟ್ಟು ಕೆಲ್ಸಕ್ಕೆ ಹೋಗ್ಬೇಕು, ಯಾರನ್ನ ಕೇಳೋದು?

ಪ್ರಶ್ನೆ: ನಾನು ಮದ್ದೂರು ಹತ್ರ ಗಾರ್ಮೆಂಟ್ಸಿಗೆ ಹೋಗ್ತಿದ್ದೆ, ನಮ್ಮನೆಯವ್ರು ಗಾರೆ ಕೆಲ್ಸ. ಮಗನಿಗೆ 4 ವರ್ಷ, ಮಗಳಿಗೆ ಒಂದೂವರೆ. ಅತ್ತೆ ತೀರ್ಕೊಂಡ ಮೇಲೆ ಮಕ್ಕಳನ್ನ ನೋಡ್ಕೊಳೋರು ಇಲ್ದೆ ಕೆಲ್ಸ ಬಿಟ್ಟಿದೀನಿ. ಇಬ್ರನ್ನೂ ಅಂಗನವಾಡೀಲಿ ಬಿಡ್ಬೋದಾ? ಊಟ ಕೊಡ್ತಾರಾ? ಯಾವ್ದಾದ್ರೂ ಸಂಸ್ಥೆಯವ್ರು ಸಹಾಯ ಮಾಡ್ತಾರಾ?

ಅಕ್ಕ, ಮೊದ್ಲು ನೇರವಾಗಿ ಹೇಳ್ಬಿಡ್ತೀನಿ. ಮಗನ್ನ ನಾಳೇನೇ ಕರ್ಕೊಂಡೋಗಿ ಸೇರಿಸಿ, ಊಟ, ಹಾಲು, ಮೊಟ್ಟೆ ಎಲ್ಲಾ ಅಲ್ಲೇ ಸಿಗುತ್ತೆ, ಒಂದು ರೂಪಾಯಿ ಕೊಡೋ ಹಾಗಿಲ್ಲ. ಮಗಳ ವಿಷ್ಯ ಬೇರೆ. ಮಾಮೂಲಿ ಅಂಗನವಾಡೀಲಿ ದಿನವಿಡೀ ಕೂರಿಸ್ಕೊಳೋದು 3ರಿಂದ 6 ವರ್ಷದ ಮಕ್ಕಳನ್ನ. 3 ತುಂಬೋವರ್ಗೂ ಮಗು ಹೆಸ್ರು ಅವರ ಪಟ್ಟೀಲಿ ಇರುತ್ತೆ, ತೂಕ ನೋಡ್ತಾರೆ, ಅದರ ಪಾಲಿನ ಆಹಾರನ ಮನೆಗೆ ಕೊಟ್ಟು ಕಳಿಸ್ತಾರೆ, ಆದ್ರೆ ಮಗೂನ ಇಟ್ಕೊಳಲ್ಲ. ನಿಮ್ಮಂಥೋರು ಎಷ್ಟೋ ಜನ ಕೆಲ್ಸ ಬಿಟ್ಟು ಮನೇಲಿ ಕೂರೋದು ಈ ಒಂದು ಸಂದೀಲೇ ಸಿಕ್ಕಾಕ್ಕೊಂಡು, ಹಾಗಾಗಿ ಊಟದ ಮಾತು ಬೇಗ ಮುಗ್ಸಿ ಮಗಳ ವಿಷ್ಯಕ್ಕೆ ಬರ್ತೀನಿ.

ಇದನ್ನ ನಾನು ದೂರದಲ್ಲಿ ನಿಂತು ಹೇಳ್ತಿಲ್ಲ. ನಮ್ಮಮ್ಮ ಟಿ. ನರಸೀಪುರ ತಾಲೂಕಲ್ಲಿ ಅಂಗನವಾಡಿ ಸಹಾಯಕಿ ಆಗಿದ್ರು. ಕರ್ನಾಟಕದಲ್ಲಿ ಅಂಗನವಾಡಿ ಶುರುವಾಗಿದ್ದೇ ಆ ತಾಲೂಕಲ್ಲಿ, 1975ರ ಅಕ್ಟೋಬರ್ 2ಕ್ಕೆ, 100 ಕೇಂದ್ರ ಇಟ್ಕೊಂಡು, ಇದು ನಮ್ ಕಡೆಯವ್ರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಅಮ್ಮ ಸೇರಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ರಜಾ ಇದ್ದಾಗ ನಾನೂ ಹೋಗಿ ಕೂತಿರ್ತಿದ್ದೆ. ಒಂದಿನ ಮೊಟ್ಟೆ ಕೊಟ್ಟಾಗ ಒಬ್ಬ ಹುಡ್ಗ ತಿನ್ನದೆ ಹಾಗೇ ಚಡ್ಡಿ ಜೇಬಿಗೆ ಹಾಕ್ಕೊಂಡ, ಸುಡ್ತಾ ಇತ್ತು ಅನ್ಸುತ್ತೆ, ಜೇಬನ್ನ ತೊಡೆಯಿಂದ ದೂರ ಎಳ್ದು ಹಿಡ್ಕೊಂಡು ಕುಂಟ್ಕೊಂಡು ಹೋಯ್ತಿದ್ದ. ಅಮ್ಮ ಯಾಕ್ಲಾ ಮಗ ತಿನ್ನಲ್ವಾ ಅಂದ್ರೆ "ಪಾಪುಂಗೆ" ಅಂದ. ಮನೇಲಿ ಅವನ ತಂಗಿ ಇದ್ಲು, ಅವಳನ್ನ ಎತ್ತಿಕೊಂಡು ಓಡಾಡಕ್ಕೆ ಅಂತ ಏಳು ವರ್ಷದ ಅವರಕ್ಕ ಸ್ಕೂಲಿಗೆ ಹೋಗ್ದೆ ಉಳ್ಕೊಂಡಿದ್ಲು. ಅಂದ್ರೆ ಚಿಕ್ಕ ಮಗೂನ ನೋಡ್ಕೊಳೋರು ಇಲ್ಲ ಅನ್ನೋ ಒಂದೇ ಕಾರಣಕ್ಕೆ ದೊಡ್ಡ ಹುಡ್ಗಿ ಪಾಠನೂ ಹೋಯ್ತು ಸ್ಕೂಲಿನ ಊಟನೂ ಹೋಯ್ತು. ಅದಕ್ಕೇ ಊಟ ಮತ್ತೆ ಮಗು ನೋಡ್ಕೊಳೋದು ಬೇರೆ ಬೇರೆ ಸಮಸ್ಯೆ ಅಂತ ನನಗೆ ಇವತ್ತಿಗೂ ಅನ್ಸಲ್ಲ.

ಸರಿ, ಊಟ. ಅಂಗನವಾಡಿ ಬೆಳಿಗ್ಗೆ 9:30ರಿಂದ ಸಂಜೆ 4ರವರೆಗೆ. ಮಗನಿಗೆ ಅಲ್ಲೇ ಬಿಸಿಯೂಟ, ವಾರದಲ್ಲಿ 5 ದಿನ ಕ್ಷೀರಭಾಗ್ಯದ್ದು 150 ಎಂಎಲ್ ಹಾಲು (2013ರ ಆಗಸ್ಟ್ 1ಕ್ಕೆ ಶುರುವಾಗಿದ್ದು, ಹಾಲಿನ ಪುಡಿ ಕೊಡೋದು ಕೆಎಂಎಫ್, ಅಂದ್ರೆ ನಮ್ ಮನ್‌ಮುಲ್ ಮೈಮುಲ್ ಡೈರಿಗೆ ಬೆಳಿಗ್ಗೆ ಎದ್ದು ಹಾಲು ಹಾಕ್ತಾರಲ್ಲ ಆ ರೈತರ ಒಕ್ಕೂಟನೇ), ವಾರಕ್ಕೆರಡು ಮೊಟ್ಟೆ. ಮಗಳಿಗೆ ಮನೆಗೆ ಕೊಡೋ ಪುಷ್ಟಿ ಪ್ಯಾಕೆಟ್ಟು. ಅದನ್ನ ದಯವಿಟ್ಟು ಹಸುಗೆ ಕಲಸಿ ಹಾಕ್ಬೇಡಿ ಅಕ್ಕ, ನಾನು ಕಣ್ಣಾರೆ ನೋಡಿದೀನಿ ಅದಕ್ಕೆ ಹೇಳ್ತಿರೋದು, ಚೂರು ಬೆಲ್ಲ ಹಾಕಿ ಗಂಜಿ ಥರ ಕಾಯಿಸಿ ಕೊಟ್ರೆ ಮಕ್ಕಳು ತಿಂತವೆ. ಗರ್ಭಿಣಿ, ಬಾಣಂತಿ ಯಾರಾದ್ರೂ ಮನೇಲಿದ್ರೆ 2017ರ ಅಕ್ಟೋಬರಿಂದ ಮಾತೃಪೂರ್ಣ ಅಂತ ಮಧ್ಯಾಹ್ನದ ಪೂರ್ತಿ ಊಟ ಅಂಗನವಾಡೀಲೇ ಇದೆ, ನಾಚ್ಕೊಳೋ ವಿಷ್ಯ ಏನಿಲ್ಲ. ರೇಷನ್ನಲ್ಲಿ ತೊಂದ್ರೆ ಇದ್ರೆ 1967ಕ್ಕೆ ಫೋನ್ ಮಾಡಿ. ಟೌನಿಗೆ ಬಂದ ದಿನ ಇಂದಿರಾ ಕ್ಯಾಂಟೀನಲ್ಲಿ 5 ರೂಪಾಯಿಗೆ ತಿಂಡಿ 10 ರೂಪಾಯಿಗೆ ಊಟ.

ಸಂಸ್ಥೆಯವ್ರು ಸಹಾಯ ಮಾಡ್ತಾರಾ ಅಂತ ಕೇಳಿದ್ರಿ. ಮಾಡ್ತಾರೆ, ಆದ್ರೆ ನೀವಂದ್ಕೊಂಡಿರೋ ರೀತಿ ಮನೆಮನೆಗೆ ಅರ್ಜಿ ತಗೊಂಡು ಕಿಟ್ ಕೊಡೋ ಥರ ಅಲ್ಲ. ದೊಡ್ಡ ಸಂಸ್ಥೆಗಳೆಲ್ಲ ಸರ್ಕಾರದ ಜೊತೆ ಸೇರ್ಕೊಂಡು ಸ್ಕೂಲ್ ಬಾಗಿಲಿಗೇ ಊಟ ತಲುಪಿಸ್ತಾರೆ. ಸರ್ಕಾರಿ ಶಾಲೆ ಮಕ್ಕಳಿಗೆ ವಾರಕ್ಕೆ 2 ದಿನ ಇದ್ದ ಮೊಟ್ಟೆ 2024ರ ಸೆಪ್ಟೆಂಬರಿಂದ 6 ದಿನ ಆಯ್ತಲ್ಲ, ಆ ಹೆಚ್ಚಿನ 4 ದಿನದ ಖರ್ಚು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿಂದು. ಹಾಲಿಗೆ ಬೆರೆಸೋ ರಾಗಿ ಮಾಲ್ಟ್ ಅದೇ ವರ್ಷ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಜೊತೆ ಸೇರಿ ಶುರು ಮಾಡಿದ್ದು. ಮೈಸೂರಲ್ಲಿ ಅಕ್ಷಯಪಾತ್ರದ ಅಡುಗೆಮನೆ ಇದೆ, ಅಲ್ಲಿಂದ ಶಾಲೆಗಳಿಗೆ ಬಿಸಿಯೂಟ ಹೋಗುತ್ತೆ. ಇದ್ಯಾವುದಕ್ಕೂ ನೀವು ಹೋಗಿ ಕ್ಯೂ ನಿಲ್ಲೋದು ಬೇಡ, ಮಗು ಹೆಸ್ರು ಹಾಜರಿ ಪುಸ್ತಕದಲ್ಲಿದ್ರೆ ಊಟ ತಾನಾಗೇ ಬರುತ್ತೆ, ಹೆಸ್ರಿಲ್ದಿದ್ರೆ ಎಷ್ಟು ದೊಡ್ಡ ಟ್ರಸ್ಟ್ ಇದ್ರೂ ನಿಮ್ಮ ಮಗು ತಟ್ಟೆಗೆ ಬೀಳಲ್ಲ. ಇನ್ನು ನಂಜನಗೂಡು, ಸುತ್ತೂರು, ಆದಿಚುಂಚನಗಿರಿ ದಾಸೋಹಗಳು ಇದ್ದೇ ಇವೆ, ಬಡ ಹುಡುಗ್ರು ದಿನಕ್ಕೊಂದು ಮನೇಲಿ ವಾರಾನ್ನ ಉಂಡು ಓದಿದ ಊರು ಮೈಸೂರು, ಹಸಿದು ಬಂದೋರನ್ನ ಈ ನಾಡಲ್ಲಿ ವಾಪಸ್ ಕಳಿಸೋ ಅಭ್ಯಾಸ ಇಲ್ಲ.

ಈಗ ಮಗಳು. ನಿಮಗೆ ಮೂರು ಕಡೆ ಕೇಳೋ ಹಕ್ಕಿದೆ, ಮೂರೂ ಕಡೆ ಕೇಳಿ.

ಮೊದ್ಲು ಫ್ಯಾಕ್ಟರಿ. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲ್ಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ (ಕ್ರೆಷ್) ಇರ್ಲೇಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗೂನ ನೋಡ್ಕೊಂಡು ಬರಕ್ಕೆ ಬಿಡ್ಬೇಕು, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಮಾಡಿದಾಗಿಂದ ಇದು ಕಾನೂನು. ಈಗಿನ ಸಾಮಾಜಿಕ ಭದ್ರತಾ ಸಂಹಿತೇಲಿ ಅಕ್ಕಪಕ್ಕದ ಫ್ಯಾಕ್ಟರಿಗಳು ಸೇರ್ಕೊಂಡು ಒಂದೇ ಕೇಂದ್ರ ನಡೆಸ್ಬೋದು, ನಗರಸಭೆಯದ್ದೋ ಸಂಸ್ಥೆಯದ್ದೋ ಕೇಂದ್ರ ಬಳಸ್ಕೋಬೋದು ಅಂತಾನೂ ಇದೆ, ಗೆಜ್ಜಲಗೆರೆಯಂಥ ಇಂಡಸ್ಟ್ರಿಯಲ್ ಏರಿಯಾಗೆ ಇದು ಹೇಳಿ ಮಾಡ್ಸಿದ ಹಾಗಿದೆ. ಕಾಗದದ ಮೇಲೆ ಇದೆ ಅಂದ ತಕ್ಷಣ ಸಿಗುತ್ತೆ ಅಂತ ಅಂದ್ಕೋಬೇಡಿ. ನಮ್ಮತ್ತಿಗೆ ಹೋಗ್ತಿದ್ದ ಒಂದು ಕಡೆ ಬಾಗಿಲ ಮೇಲೆ ಮಗು ಚಿತ್ರ ಬರ್ದಿತ್ತು, ಒಳಗೆ ನೋಡಿದ್ರೆ ಸೂರಿನವರೆಗೂ ರಟ್ಟಿನ ಡಬ್ಬ. ಅತ್ತಿಗೆ ಒಬ್ರೇ ಕೇಳ್ದಾಗ ಸೂಪರ್‌ವೈಸರ್ ನಾಳೆ ನೋಡಣ ಅಂದ, ಆ ನಾಳೆ ಎಂಟು ತಿಂಗ್ಳು ಆಯ್ತು. ಆಮೇಲೆ ಒಂದೇ ಲೈನಿನ ಹನ್ನೊಂದು ಜನ ಸೇರಿ ಸೈನ್ ಹಾಕಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ರು, ಡಬ್ಬ ಹೊರಗೆ ಬಂತು, ತೊಟ್ಟಿಲು ಒಳಗೆ ಹೋಯ್ತು. ಹಾಗಾಗಿ ವಾಪಸ್ ಕೆಲ್ಸಕ್ಕೆ ಸೇರೋ ಮುಂಚೆನೇ ಕೇಳಿ, ಕಣ್ಣಾರೆ ರೂಮ್ ನೋಡಿ, ಒಬ್ರೇ ಹೋಗ್ಬೇಡಿ.

ಎರಡ್ನೇದು ಗ್ರಾಮ ಪಂಚಾಯ್ತಿ. ಕೂಸಿನ ಮನೆ ಅಂತ 2023ರ ಬಜೆಟ್ಟಲ್ಲಿ 4,000 ಪಂಚಾಯ್ತಿಗೆ ಘೋಷಣೆ ಆಗಿತ್ತು, 3 ವರ್ಷದೊಳಗಿನ ಮಕ್ಕಳಿಗೆ, ಅದೇ ನಿಮಗೆ ಬೇಕಾಗಿರೋ ವಯಸ್ಸು. ನರೇಗಾ ಕೆಲ್ಸಕ್ಕೆ ಹೋಗೋ ತಾಯಂದ್ರನ್ನ ಮನಸ್ಸಲ್ಲಿಟ್ಕೊಂಡು ಮಾಡಿದ್ದು, ಆದ್ರೆ ಬೇರೆ ಕೆಲ್ಸಕ್ಕೆ ಹೋಗೋ ಹಳ್ಳಿ ಹೆಣ್ಮಕ್ಕಳಿಗೂ ಅವಕಾಶ ಇದೆ. ಊರಿನ ಹೆಣ್ಮಕ್ಕಳಿಗೇ ತರಬೇತಿ ಕೊಟ್ಟು ಮಕ್ಕಳನ್ನ ನೋಡ್ಕೊಳಕ್ಕೆ ಇಟ್ಟಿದ್ದು ನನಗೆ ತುಂಬಾ ಹಿಡಿಸಿದ ವಿಷ್ಯ, ಮಗೂಗೆ ಗುರ್ತಿನ ಮುಖ ಇರುತ್ತೆ. ಪಿಡಿಓನ ಕೇಳಿ ನಮ್ ಪಂಚಾಯ್ತೀಲಿ ಇದೆಯಾ ಅಂತ, ಇಲ್ಲ ಅಂದ್ರೆ ಪಕ್ಕದ ಪಂಚಾಯ್ತೀಲಿ ಇದೆಯಾ ಅಂತ, ಅದೂ ಇಲ್ಲ ಅಂದ್ರೆ ಗ್ರಾಮಸಭೇಲಿ ಎದ್ದು ನಿಂತು ಕೇಳಿ, ಬರ್ಕೊಳಿ ಸಾರ್ ಅನ್ನಿ.

ಮೂರ್ನೇದು ಸಿಡಿಪಿಓ ಆಫೀಸು, ಅಂದ್ರೆ ಅಂಗನವಾಡಿಗಳನ್ನ ನೋಡ್ಕೊಳೋ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸು. ಪಾಲ್ನಾ ಅನ್ನೋ ಕೇಂದ್ರ ಸರ್ಕಾರದ ಯೋಜನೇಲಿ 6 ತಿಂಗ್ಳಿಂದ 6 ವರ್ಷದವರೆಗೆ ಮಕ್ಕಳನ್ನ ಇಟ್ಕೊಳೋ ಕೇಂದ್ರಗಳಿವೆ, ಕೆಲವು ಕಡೆ ಅಂಗನವಾಡೀಲೇ ಇದನ್ನೂ ಸೇರಿಸಿ ನಡೆಸ್ತಾರೆ, ತಿಂಗ್ಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ ತೆಗ್ದಿರ್ಬೇಕು. ಅಲ್ಲಿ ಹೋಗಿ "ಅಂಗನವಾಡಿ ಎಲ್ಲಿದೆ" ಅಂತ ಕೇಳಿದ್ರೆ ನಿಮ್ಮೂರಿಂದೇ ತೋರಿಸ್ತಾರೆ, "ಕ್ರೆಷ್ ಇರೋ ಅಂಗನವಾಡಿ ಯಾವುದು" ಅಂತ ಕೇಳಿ.

ಮೂರೂ ಸಿಕ್ರೂ ಒಂದು ತೂತು ಉಳಿಯುತ್ತೆ. ಅಂಗನವಾಡಿ 4ಕ್ಕೆ ಬಾಗಿಲು ಹಾಕುತ್ತೆ, ಗಾರ್ಮೆಂಟ್ಸ್ ಬಸ್ಸು ಊರಿಗೆ ಬರೋದು ಆರೂವರೆ. ಆ ಎರಡೂವರೆ ಗಂಟೆಗೆ ಯಾವ ಸ್ಕೀಮೂ ಇಲ್ಲ, ನಾವೇ ಮಾಡ್ಕೋಬೇಕು. ನಾನೀಗ ಇರೋದು ಮಂಡ್ಯ ಹತ್ರದ ಒಂದು ಹಳ್ಳೀಲಿ, ನಮ್ ಬೀದೀಲಿ ಆರು ಮನೆಯವ್ರು ಸೇರಿ ಒಂದು ಏರ್ಪಾಡು ಮಾಡ್ಕೊಂಡ್ರು. ಕೊನೇ ಮನೆ ಅಜ್ಜಿ ಮತ್ತೆ ಅವರ ಸೊಸೆ ಮಕ್ಕಳನ್ನ ಅಂಗನವಾಡಿಯಿಂದ ಕರ್ಕೊಂಡು ಬಂದು ನೋಡ್ಕೋತಾರೆ, ಮಗೂಗೆ ದಿನಕ್ಕೆ 20 ರೂಪಾಯಿ, ವಾರಕ್ಕೊಂದ್ ಮನೆಯವ್ರು ಬಾಳೆಹಣ್ಣು ಕಡ್ಲೆಪುರಿ ತಂದಿಡ್ಬೇಕು. ಒಬ್ರೇ ಇರೋ ಮನೇಲಿ ಬಿಡ್ಲಿಲ್ಲ, ಇಬ್ರು ದೊಡ್ಡೋರು ಇರ್ಲೇಬೇಕು ಅಂತ ಮೊದ್ಲೇ ಮಾತಾಡ್ಕೊಂಡ್ರು. ಯಾವ ಮಗೂನ ಯಾರು ಕರ್ಕೊಂಡೋಗ್ಬೋದು ಅಂತ ಹೆಸ್ರು ಫೋನ್ ನಂಬರ್ ಸಮೇತ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರ್ದಿದಾರೆ, ಆ ಪಟ್ಟೀಲಿ ಇಲ್ದಿದ್ರೆ ಸ್ವಂತ ಚಿಕ್ಕಪ್ಪನೇ ಬಂದ್ರೂ ಅಜ್ಜಿ "ಫೋನ್ ಮಾಡ್ಸಪ್ಪ ಮೊದ್ಲು" ಅಂತಾರೆ. ಮನೆ ಹಿಂದೆ ನಾಲೆ ಇದೆ, ವಿ.ಸಿ. ನಾಲೆ ಬಯಲಲ್ಲಿ ಬೆಳ್ದೋರಿಗೆ ಇದರ ಭಯ ಹೇಳ್ಬೇಕಾಗಿಲ್ಲ, ಹಾಗಾಗಿ ಸ್ತ್ರೀಶಕ್ತಿ ಸಂಘದವ್ರು ಉಳಿತಾಯದ ದುಡ್ಡಲ್ಲಿ ಹಿತ್ಲು ಬಾಗಿಲಿಗೆ ಸೊಂಟದೆತ್ತರದ ಕಬ್ಬಿಣದ ಗೇಟು ಮಾಡ್ಸಿಕೊಟ್ರು, ಚಿಲುಕ ಹೊರಗಡೆ. ಈ ಗೇಟು ನಿಮ್ಮ ಏರ್ಪಾಡಲ್ಲೂ ಮೊದಲ್ನೇ ಖರ್ಚಾಗಿರ್ಲಿ, ಚಾಪೆ ಆಟದ ಸಾಮಾನು ಎಲ್ಲಾ ಆಮೇಲೆ.

ಅಂಗನವಾಡೀಲಿ ಊಟ ಸರಿ ಇಲ್ಲ, ಮೊಟ್ಟೆ ಬರ್ತಿಲ್ಲ ಅಂದ್ರೆ ಟೀಚರ್ ಮೇಲೆ ಕೂಗಾಡಕ್ಕೆ ಹೋಗ್ಬೇಡಿ, ಎಷ್ಟೋ ಸಲ ಅವ್ರು ಕೈಯಿಂದ ದುಡ್ಡು ಹಾಕಿ ತಂದಿರ್ತಾರೆ, ನಮ್ಮಮ್ಮ ಇದ್ದ ಕಡೆ ಟೀಚರ್ ಅಂಗಡೀಲಿ ಸಾಲ ಹೇಳಿ ತರ್ತಿದ್ದಿದ್ದು ನನಗೇ ಗೊತ್ತು. ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿ ಅಂತ ಇರುತ್ತೆ, ಊರಿನ ತಾಯಂದ್ರದ್ದೇ, ಮೊಟ್ಟೆ ತರಕಾರಿ ದುಡ್ಡು ಸಮಿತಿ ಅಧ್ಯಕ್ಷೆ ಮತ್ತೆ ಟೀಚರ್ ಇಬ್ರ ಜಂಟಿ ಖಾತೆಗೆ ಬರುತ್ತೆ. ಆ ಮೀಟಿಂಗಿಗೆ ಹೋಗಿ ಕೂತ್ಕೊಳಿ, ಲೆಕ್ಕ ಕೇಳಿ, ಆಗೋದಾದ್ರೆ ನೀವೇ ಸದಸ್ಯರಾಗಿ.

ಇನ್ನೊಂದು ವಿಷ್ಯ, ಇದು ನಿಮಗಲ್ಲ, ಇದನ್ನ ಓದ್ತಿರೋ ಬೇರೆಯವ್ರಿಗೆ. ಕಬ್ಬು ಕಡಿಯೋ ಕಾಲದಲ್ಲಿ ಬಳ್ಳಾರಿ ಕಡೆಯಿಂದ ಸಂಸಾರ ಸಮೇತ ಬಂದು ಗದ್ದೆ ಬದೀಲಿ ಟೆಂಟ್ ಹಾಕ್ಕೊಂಡಿರ್ತಾರಲ್ಲ, ಅವರ ಮಕ್ಕಳೂ ನಮ್ಮೂರ ಅಂಗನವಾಡಿಗೆ ಬರ್ಬೋದು, ಅಡ್ರೆಸ್ ನಮ್ಮೂರದ್ದೇ ಇರ್ಬೇಕು ಅಂತಿಲ್ಲ, ರೇಷನ್ನೂ ರಾಜ್ಯದ ಯಾವ ನ್ಯಾಯಬೆಲೆ ಅಂಗಡೀಲಾದ್ರೂ ತಗೋಬೋದು. ಅವ್ರಿಗೆ ಇದನ್ನ ಹೇಳೋರು ಯಾರೂ ಇರಲ್ಲ. ನಿಮ್ಮ ಗದ್ದೇಲಿ ಕಡಿತಿದ್ರೆ ನೀವೇ ಆ ಮಕ್ಕಳನ್ನ ಕರ್ಕೊಂಡೋಗಿ ಟೀಚರ್ ಮುಂದೆ ನಿಲ್ಸಿ.

ಅಕ್ಕ, ಹೋಗ್ವಾಗ ತಾಯಿ ಕಾರ್ಡು, ನಿಮ್ಮ ಆಧಾರ್, ಮಕ್ಕಳ ಜನನ ಪತ್ರ ಇಟ್ಕೊಂಡೋಗಿ, ಒಂದು ಕಡಿಮೆ ಇದ್ರೂ ಹೋಗ್ದೆ ಇರ್ಬೇಡಿ, ಮಿಕ್ಕಿದ್ದು ಆಮೇಲೆ ಕೊಡ್ಬೋದು. ಬೆಳಿಗ್ಗೆ ಒಂಬತ್ತೂವರೆಗೆ ಟೀಚರ್ ಕೈತುಂಬಾ ಮಕ್ಕಳಿರ್ತಾರೆ, ಮಧ್ಯಾಹ್ನ ಊಟ ಆಗಿ ಮಕ್ಕಳು ಮಲ್ಗಿರೋ ಹೊತ್ತಿಗೆ ಹೋಗಿ, ಕೂತು ಮಾತಾಡಕ್ಕೆ ಸಿಗ್ತಾರೆ. ಮಗಳನ್ನೂ ಎತ್ಕೊಂಡೇ ಹೋಗಿ, ಹಾಗೇ ತೂಕನೂ ನೋಡ್ಸಿಬಿಡ್ಬೋದು.